ಬಿಲ್ಲಿಲ್ಲದ ಬಿಲ್ಲುಗಾರ ಮೀನು: ಮೊದಲು ಗುರುತಿಸಿ, ಆಮೇಲೆ ಸಾಕಿ

ಮಕ್ಕಳೇ, ಪಿಚಕಾರಿಯಲ್ಲಿ ನೀರು ತುಂಬಿಸಿ ಮರದ ಮೇಲಿನ ಮಾವಿನಕಾಯಿಗೆ ಗುರಿಯಿಟ್ಟು ಹೊಡೆದಿದ್ದೀರಾ? ಹತ್ತು ಸಲದಲ್ಲಿ ಎಷ್ಟು ಸಲ ತಾಗಿತು? ಅಲುಗಾಡದ ಮಾವಿನಕಾಯಿಗೆ ಗುರಿಯಿಡುವುದೇ ನಮಗೆ ಕಷ್ಟ. ಅಂಥದ್ದರಲ್ಲಿ ಒಂದು ಮೀನು ನೀರಿನೊಳಗೇ ಇದ್ದುಕೊಂಡು, ಹೊರಗೆ ಎಲೆಯ ಮೇಲೆ ಕುಳಿತ ನೊಣಕ್ಕೆ ಬಾಯಿಯಿಂದ ನೀರು ಚಿಮ್ಮಿಸಿ ಹೊಡೆಯುತ್ತದೆ. ಬಿದ್ದ ನೊಣವನ್ನು ಪಕ್ಕದ ಮೀನು ಕಸಿಯುವ ಮೊದಲೇ ಧಾವಿಸಿ ನುಂಗಿಬಿಡುತ್ತದೆ. ಇದೇ ಬಿಲ್ಲುಗಾರ ಮೀನು. ಅಂಗಡಿಗಳಲ್ಲಿ ಇದನ್ನು ಆರ್ಚರ್ ಮೀನು ಎಂದು ಮಾರುತ್ತಾರೆ. ವಿಜ್ಞಾನಿಗಳು ಈ ಗುಂಪನ್ನು ಟಾಕ್ಸೋಟಿಸ್ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಬಿಲ್ಲುಗಾರ ಎಂದೇ ಅರ್ಥ. ಬಿಲ್ಲೂ ಇಲ್ಲ, ಬಾಣವೂ ಇಲ್ಲ. ಆದರೂ ಹೆಸರು ಚೆನ್ನಾಗಿ ಒಪ್ಪುತ್ತದೆ, ಅಲ್ಲವೇ?

ಇದನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಬಹುದೇ? ಸಾಕಬಹುದು. ಆದರೆ ಬಿಲ್ಲುಗಾರ ಮೀನು ಎಂಬುದು ಒಂದೇ ಬಗೆಯ ಮೀನಲ್ಲ. ಅದರಲ್ಲಿ ಸುಮಾರು ಹತ್ತು ಪ್ರಭೇದಗಳಿವೆ. ಒಂದಕ್ಕೆ ಉಪ್ಪು ಬೆರೆತ ನೀರು ಬೇಕು. ಇನ್ನೊಂದಕ್ಕೆ ಸಿಹಿನೀರೇ ಬೇಕು. ನೋಡಲು ಎಲ್ಲವೂ ಅಣ್ಣತಮ್ಮಂದಿರಂತೆ ಒಂದೇ ತರಹ. ಯಾವುದು ಯಾವುದೆಂದು ತಿಳಿಯದೆ ತೊಟ್ಟಿಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ತೊಟ್ಟಿಯಲ್ಲಿ ಆದದ್ದು

ಕೆಲವು ವರ್ಷಗಳ ಹಿಂದೆ ಪಟ್ಟಣದ ಒಂದು ಅಂಗಡಿಯಲ್ಲಿ ಬೆರಳುದ್ದದ ಮೂರು ಬಿಲ್ಲುಗಾರ ಮೀನುಗಳನ್ನು ಕೊಂಡೆ. "ಯಾವ ನೀರಾದರೂ ಆಗುತ್ತೆ ಸಾರ್, ತಗೊಂಡ್ಹೋಗಿ" ಎಂದರು ಅಂಗಡಿಯವರು. ನಾನೂ ಹೆಚ್ಚು ವಿಚಾರಿಸಲಿಲ್ಲ. ಮನೆಯಲ್ಲಿ ಎರಡು ಅಡಿ ಉದ್ದದ ತೊಟ್ಟಿ ಇತ್ತು. ಅದರಲ್ಲಿ ಬಾವಿಯ ನೀರು, ಒಂದು ಡಜನ್ ಗಪ್ಪಿ ಮೀನುಗಳು. ಹೊಸ ಮೀನುಗಳನ್ನೂ ಅದರಲ್ಲೇ ಬಿಟ್ಟೆ.

ಮೊದಲ ವಾರ ಗಪ್ಪಿಗಳು ಒಂದೊಂದಾಗಿ ಕಾಣೆಯಾದವು. ಎಲ್ಲಿ ಹೋದವು ಎಂದು ನಾನು ತೊಟ್ಟಿಯ ಹಿಂದೆಲ್ಲ ಹುಡುಕಿದೆ! ಅವು ಬಿಲ್ಲುಗಾರರ ಹೊಟ್ಟೆ ಸೇರಿದ್ದವು. ತಿಂಗಳು ಕಳೆಯುವಷ್ಟರಲ್ಲಿ ಬಿಲ್ಲುಗಾರರೂ ಮಂಕಾದರು. ಈಜುರೆಕ್ಕೆಗಳನ್ನು ಮೈಗೆ ಮಡಚಿಕೊಂಡು ಮೂಲೆಯಲ್ಲಿ ನಿಲ್ಲತೊಡಗಿದರು. ರೆಕ್ಕೆಯ ಅಂಚಿನಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಕಾಣಿಸಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೂರರಲ್ಲಿ ಒಂದು ಸತ್ತು ತೇಲುತ್ತಿತ್ತು.

ಸತ್ತ ಮೀನನ್ನು ಬಟ್ಟಲಿನಲ್ಲಿಟ್ಟು ಶಾಲೆಗೆ ಒಯ್ದು ಏಳನೇ ತರಗತಿಯವರಿಗೆ ತೋರಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಇದು ಯಾವ ಜಾತಿಯ ಬಿಲ್ಲುಗಾರ ಸಾರ್?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲರೂ ಸೇರಿ ಎಣಿಸಿದೆವು. ಮೈಮೇಲೆ ಕಪ್ಪು ಪಟ್ಟೆಗಳು ಐದು. ಬೆನ್ನಿನ ಈಜುರೆಕ್ಕೆಯಲ್ಲಿ ಗಟ್ಟಿ ಮುಳ್ಳುಗಳು ನಾಲ್ಕು. ಆ ಲೆಕ್ಕವನ್ನು ಪುಸ್ತಕದ ವಿವರಣೆಯೊಂದಿಗೆ ಹೋಲಿಸಿದಾಗ ಮೀನಿನ ಹೆಸರು ಸಿಕ್ಕಿತು. ಅದರ ಹಿಂದೆಯೇ ನನ್ನ ತಪ್ಪೂ ಸಿಕ್ಕಿತು. ಅದು ನದಿ ಸಮುದ್ರ ಸೇರುವ ಅಳಿವೆಯ ಮೀನು. ನಾನು ಅದನ್ನು ಬಾವಿಯ ನೀರಿನಲ್ಲಿ, ಅದೂ ಕಿರಿದಾದ ತೊಟ್ಟಿಯಲ್ಲಿ ಇಟ್ಟಿದ್ದೆ.

ವಿಜ್ಞಾನಿಗಳೂ ಮೋಸಹೋದರು

ಬಿಲ್ಲುಗಾರ ಮೀನಿನ ಗುರುತು ತಪ್ಪುವುದು ಹೊಸದೇನಲ್ಲ. ಈ ಕತೆ ಕೇಳಿ. ಇಂದಿನ ಇಂಡೋನೇಷ್ಯಾದ ಜಕಾರ್ತಾ ನಗರವನ್ನು ಆಗ ಬಟೇವಿಯಾ ಎನ್ನುತ್ತಿದ್ದರು. ಅಲ್ಲಿ ಡಚ್ಚರ ಆಸ್ಪತ್ರೆಯ ಮೇಲ್ವಿಚಾರಕನಾಗಿದ್ದವನು ಹೊಮ್ಮೆಲ್. ಮೀನು ನೀರು ಉಗುಳಿ ನೊಣ ಹೊಡೆಯುತ್ತದೆ ಎಂಬ ಮಾತು ಅವನ ಕಿವಿಗೆ ಬಿತ್ತು. ಕೇಳಿದ್ದನ್ನು ನಂಬಿ ಸುಮ್ಮನಾಗಲಿಲ್ಲ. ದೊಡ್ಡದೊಂದು ಮರದ ಪೀಪಾಯಿಗೆ ಸಮುದ್ರದ ನೀರು ತುಂಬಿಸಿ, ಅದರಲ್ಲಿ ಮೀನುಗಳನ್ನು ಬಿಟ್ಟ. ಕೋಲಿನ ತುದಿಗೆ ಸೂಜಿಯಿಂದ ನೊಣ ಚುಚ್ಚಿ ಮೀನುಗಳಿಗೆ ಕಾಣುವಂತೆ ಇಟ್ಟ. ಅವು ದಿನದಿನವೂ ಗುರಿಯಿಟ್ಟು ಹೊಡೆಯುವುದನ್ನು ನೋಡಿ ಸಂತೋಷಪಟ್ಟ. ಆಗಿನ್ನೂ ಮನೆಯಲ್ಲಿ ಗಾಜಿನ ತೊಟ್ಟಿ ಇಡುವ ಪದ್ಧತಿಯೇ ಇರಲಿಲ್ಲ!

ಈ ಸಂಗತಿಯನ್ನು ಶ್ಲಾಸರ್ ಎಂಬ ವೈದ್ಯರು 1764ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದರು. ಜೊತೆಗೆ ಬಟೇವಿಯಾದಿಂದ ಬಂದಿದ್ದ ಒಂದು ಮೀನನ್ನೂ ಕಳುಹಿಸಿದರು. ಎಡವಟ್ಟಾದದ್ದು ಇಲ್ಲೇ. ಆ ಮೀನು ಬಿಲ್ಲುಗಾರನಲ್ಲ. ಕೊಕ್ಕಿನಂತೆ ಚಾಚಿದ ಉದ್ದ ಮೂತಿಯ ಚಿಟ್ಟೆಮೀನು! ಹೊಮ್ಮೆಲ್ ನೋಡಿದ್ದು ನಿಜ, ಶ್ಲಾಸರ್ ಬರೆದದ್ದೂ ನಿಜ. ಕಳುಹಿಸಿದ ಮೀನು ಮಾತ್ರ ಬೇರೆ. ಓದಿದವರಿಗೆ ಅನುಮಾನ ಬರಲಿಲ್ಲ. ಕೊಳವೆಯಂಥ ಮೂತಿ ಇದ್ದಮೇಲೆ ನೀರು ಹೊಡೆಯುವುದು ಅದೇ ಇರಬೇಕು ಎನಿಸಿತು. ಸರಿಯಾದ ಮೀನು ಆಮೇಲೆ ಬಂತು. 1767ರಲ್ಲಿ ಪಲ್ಲಾಸ್ ಎಂಬ ವಿಜ್ಞಾನಿ ಅದನ್ನು ವಿವರಿಸಿ ಹೆಸರಿಟ್ಟರು. ಆದರೂ ಹಳೆಯ ತಪ್ಪು ಪುಸ್ತಕದಿಂದ ಪುಸ್ತಕಕ್ಕೆ ಬಹಳ ಕಾಲ ಸಾಗಿತು. ಪಾಪದ ಚಿಟ್ಟೆಮೀನು ಒಂದು ಹನಿ ನೀರನ್ನೂ ಉಗುಳದೆ ಬೇಟೆಗಾರನೆಂಬ ಹೆಸರು ಪಡೆಯಿತು. ಮೀನು ನೀರು ಹೊಡೆಯುತ್ತದೆಂಬುದೇ ಕಟ್ಟುಕತೆ ಎಂದು ಅನುಮಾನಿಸಿದ ವಿಜ್ಞಾನಿಗಳೂ ಇದ್ದರು. 1902ರಲ್ಲಿ ರಷ್ಯಾದ ಜೊಲೊಟ್ನಿಟ್ಸ್ಕಿ ಎಂಬುವರು ನಿಜವಾದ ಬಿಲ್ಲುಗಾರ ಮೀನುಗಳನ್ನು ತೊಟ್ಟಿಯಲ್ಲಿ ಸಾಕಿ, ಅವು ನೀರು ಚಿಮ್ಮಿಸುವುದನ್ನು ನೋಡಿ ವಿವರವಾಗಿ ಬರೆದರು.

ಗುರುತಿಸುವುದು ಹೇಗೆ?

ಮೊದಲು, ಎದುರಿಗಿರುವುದು ಬಿಲ್ಲುಗಾರ ಮೀನು ಹೌದೋ ಅಲ್ಲವೋ ನೋಡಬೇಕು. ಪಕ್ಕದಿಂದ ನೋಡಿ. ಬಾಯಿಯ ತುದಿಯಿಂದ ಬೆನ್ನಿನ ಈಜುರೆಕ್ಕೆಯವರೆಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದಂತೆ ನೇರವಾಗಿರುತ್ತದೆ. ಹೀಗಿರುವುದರಿಂದಲೇ ಅದು ನೀರಿನ ಮೇಲ್ಮೈಗೆ ಬೆನ್ನು ತಾಗಿಸಿಕೊಂಡು ನಿಲ್ಲಬಲ್ಲದು. ಬೆನ್ನಿನ ರೆಕ್ಕೆ ಬಾಲದ ಕಡೆಗೆ ಹಿಂದೆ ಸರಿದಿರುತ್ತದೆ. ಕಣ್ಣು ದೊಡ್ಡದು, ಮೂತಿಗೆ ಹತ್ತಿರ. ಕೆಳದವಡೆ ಮುಂದಕ್ಕೆ ಚಾಚಿ ಬಾಯಿ ಮೇಲ್ಮುಖವಾಗಿರುತ್ತದೆ. ಮೈ ಎರಡೂ ಪಕ್ಕದಿಂದ ಅಮುಕಿದಂತೆ ಚಪ್ಪಟೆ.

ಇನ್ನು ಪ್ರಭೇದ. ಅಂಗಡಿಗಳಿಗೆ ಹೆಚ್ಚಾಗಿ ಬರುವ ಹೆಸರುಗಳು ನಾಲ್ಕು. ಅವುಗಳಲ್ಲಿ ಎರಡನ್ನು ಚೆನ್ನಾಗಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಪಲ್ಲಾಸ್ ಹೆಸರಿಟ್ಟ ಮೀನು ಟಾಕ್ಸೋಟಿಸ್ ಜ್ಯಾಕ್ಯುಲೇಟ್ರಿಕ್ಸ್. ನಾವು ಅದನ್ನು ಪಟ್ಟೆ ಬಿಲ್ಲುಗಾರ ಎನ್ನೋಣ. ಬೆಳ್ಳಿ ಬಣ್ಣದ ಮೈಮೇಲೆ ಬೆನ್ನಿನಿಂದ ಕೆಳಗಿಳಿಯುವ 4 ಅಥವಾ 5 ಕಪ್ಪು ಪಟ್ಟೆಗಳು. ಪ್ರತಿ ಪಟ್ಟೆಯೂ ಮರ ಸೀಳುವ ಬೆಣೆಯ ಹಾಗೆ, ಮೇಲೆ ಅಗಲ, ಕೆಳಗೆ ಚೂಪು. ಪಟ್ಟೆಗಳ ನಡುವಿನ ಜಾಗ ಖಾಲಿ. ಬೆನ್ನಿನ ರೆಕ್ಕೆಯಲ್ಲಿ ಮುಳ್ಳುಗಳು 4. ನಮ್ಮ ಶಾಲೆಗೆ ಬಟ್ಟಲಿನಲ್ಲಿ ಬಂದದ್ದು ಇದೇ.

ಎರಡನೆಯದು ಟಾಕ್ಸೋಟಿಸ್ ಚಟಾರಿಯಸ್, ಅಂದರೆ ಚುಕ್ಕೆ ಬಿಲ್ಲುಗಾರ. ಇದರ ಮೈಮೇಲೆ 6 ಅಥವಾ 7 ಕಪ್ಪು ಮಚ್ಚೆಗಳು. ಒಂದು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ, ಒಂದು ಗಿಡ್ಡ ಎಂಬಂತೆ ಬರುತ್ತವೆ. ಮುಳ್ಳುಗಳು ಸಾಮಾನ್ಯವಾಗಿ 5. ಇದು ಪಟ್ಟೆ ಬಿಲ್ಲುಗಾರನಿಗಿಂತ ದೊಡ್ಡದಾಗಿ, 40 ಸೆಂಟಿಮೀಟರಿನವರೆಗೂ ಬೆಳೆಯಬಲ್ಲದು. ಇದು ನಮ್ಮ ದೇಶದ ಗಂಗಾನದಿಯ ಮುಖಜಭೂಮಿಯಿಂದ ಮೊದಲು ವರ್ಣಿತವಾದ ಮೀನು. 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಪುಸ್ತಕ ಬರೆದ ಫ್ರಾನ್ಸಿಸ್ ಹ್ಯಾಮಿಲ್ಟನ್ ಇದಕ್ಕೆ ಹೆಸರಿಟ್ಟರು. ಈ ಹ್ಯಾಮಿಲ್ಟನ್ ಯಾರು ಗೊತ್ತೇ? ಟಿಪ್ಪು ಸುಲ್ತಾನನ ಕಾಲವಾದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನೆಲ್ಲ ಸುತ್ತಿ ಊರೂರಿನ ಬೆಳೆ, ಕಸುಬು, ಮಣ್ಣಿನ ವಿವರ ಬರೆದಿಟ್ಟ ಬುಕಾನನ್ ಅವರೇ. ಹ್ಯಾಮಿಲ್ಟನ್ ಎಂಬ ಹೆಸರು ಆಮೇಲೆ ಸೇರಿದ್ದು. ನಿಮ್ಮ ತಾಲ್ಲೂಕಿನ ಇತಿಹಾಸ ಹುಡುಕಿದರೆ ಅವರ ಹೆಸರು ಸಿಕ್ಕೀತು.

ಉಳಿದೆರಡು ಸಿಹಿನೀರಿನವು. ಆಗ್ನೇಯ ಏಷ್ಯಾದ ನದಿಗಳ ಟಾಕ್ಸೋಟಿಸ್ ಮೈಕ್ರೋಲೆಪಿಸ್‌ಗೆ ಹುರುಪೆಗಳು ಚಿಕ್ಕವು. ಹೆಸರಿನ ಅರ್ಥವೂ ಅದೇ. ಪಟ್ಟೆ ಬಿಲ್ಲುಗಾರನೆಂದು ಸುಲಭವಾಗಿ ಮೋಸಹೋಗುವುದು ಇದನ್ನು ನೋಡಿಯೇ. ಮ್ಯಾನ್ಮಾರ್‌ನ ಟಾಕ್ಸೋಟಿಸ್ ಬ್ಲೈಥಿಯನ್ನು ಗುರುತಿಸಲು ಎಣಿಸಬೇಕಾಗಿಲ್ಲ. ಮೈಮೇಲೆ ಶಾಯಿ ಚೆಲ್ಲಿ ಹರಡಿದಂತೆ ಕಪ್ಪು ಗುರುತುಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಇವುಗಳಲ್ಲದೆ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಪ್ರಭೇದಗಳೂ ಇವೆ. ಆಸ್ಟ್ರೇಲಿಯಾದ ಒಂದಕ್ಕೆ 2004ರಲ್ಲಿ ಹೆಸರು ಬಂತು. ಆಗ್ನೇಯ ಏಷ್ಯಾದ ಕೆಲವಕ್ಕೆ 2018ರಲ್ಲಿ ಹೊಸ ಹೆಸರುಗಳು ಬಂದವು. ಹಾಗಾಗಿ ಹಳೆಯ ಪುಸ್ತಕದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಹೆಸರು ಕಂಡರೆ ಗಾಬರಿಯಾಗಬೇಡಿ.

ಒಂದು ಎಚ್ಚರಿಕೆ. ಹೆದರಿದ ಮೀನಿನ ಬಣ್ಣ ಬದಲಾಗುತ್ತದೆ. ಪಟ್ಟೆ ಮಸುಕಾಗಬಹುದು, ಇಲ್ಲವೇ ಮೈಯೆಲ್ಲ ಕಪ್ಪಾಗಬಹುದು. ಆದ್ದರಿಂದ ಬಣ್ಣವೊಂದನ್ನೇ ನಂಬಬೇಡಿ, ಮುಳ್ಳು ಎಣಿಸಿ. ಜೀವಂತ ಮೀನಿನಲ್ಲಿ ಎಣಿಸುವುದು ಹೇಗೆ? ಅದು ರೆಕ್ಕೆ ಬಿಚ್ಚಿದಾಗ ಗಾಜಿನ ಹೊರಗಿನಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡುವುದು ಸುಲಭ. ಮೀನನ್ನು ಹೊರಗೆ ತೆಗೆದು ಹಿಂಸೆ ಕೊಡುವ ಅಗತ್ಯವಿಲ್ಲ.

ಮುಳ್ಳು ಎಣಿಸುವ ಅಭ್ಯಾಸಕ್ಕೆ ಬಿಲ್ಲುಗಾರ ಮೀನೇ ಬೇಕಾಗಿಲ್ಲ. ಸಂತೆಯಲ್ಲಿ ಜಿಲೇಬಿ ಮೀನು ಸಿಗುತ್ತದಲ್ಲ, ಅದರ ಬೆನ್ನಿನ ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ. ಮುಂದಿನ ಭಾಗದಲ್ಲಿ ಚೂಪಾದ, ಗಟ್ಟಿಯಾದ, ಕವಲಿಲ್ಲದ ಕಡ್ಡಿಗಳು ಕಾಣುತ್ತವೆ. ಅವೇ ಮುಳ್ಳುಗಳು. ಹಿಂದಿನ ಭಾಗದಲ್ಲಿ ಬಾಗುವ, ತುದಿಯಲ್ಲಿ ಕವಲೊಡೆದ ಮೆತ್ತನೆಯ ಕಡ್ಡಿಗಳಿರುತ್ತವೆ. ಅವುಗಳನ್ನು ಲೆಕ್ಕಕ್ಕೆ ಸೇರಿಸಬೇಡಿ. ಜಿಲೇಬಿ ಮೀನಿನಲ್ಲಿ 15ರಿಂದ 18 ಮುಳ್ಳು ಸಿಗುತ್ತವೆ. ಕಾಟ್ಲಾ, ರೋಹು ಮೀನುಗಳನ್ನೂ ನೋಡಿ. ಅವುಗಳ ಬೆನ್ನಿನಲ್ಲಿ ಇಂಥ ಮುಳ್ಳೇ ಇರುವುದಿಲ್ಲ. ಎಣಿಸಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಹೆಸರು ತಿಳಿದರೆ ನೀರು ತಿಳಿಯಿತು

ಪಟ್ಟೆ ಬಿಲ್ಲುಗಾರ ಹೆಚ್ಚಾಗಿ ಇರುವುದು ಕಾಂಡ್ಲಾ ಕಾಡಿನ ನೀರಿನಲ್ಲಿ. ಸಮುದ್ರದ ಭರತ ಬಂದಾಗ ಅಲ್ಲಿ ಉಪ್ಪು ಹೆಚ್ಚು. ಇಳಿತವಾದಾಗ ನದಿಯ ಸಿಹಿನೀರು ಹೆಚ್ಚು. ಹೀಗೆ ಪೂರ್ತಿ ಸಿಹಿಯೂ ಅಲ್ಲದ, ಪೂರ್ತಿ ಉಪ್ಪೂ ಅಲ್ಲದ ನೀರನ್ನು ಸವುಳು ನೀರು ಎನ್ನುತ್ತಾರೆ. ಮಳೆಗಾಲದಲ್ಲಿ ನೀರು ಸಿಹಿಯಾದರೂ ಈ ಮೀನು ಕೆಲವು ಕಾಲ ಸಹಿಸಿಕೊಳ್ಳುತ್ತದೆ. ಸಹಿಸಿಕೊಳ್ಳುವುದನ್ನು ನೋಡಿಯೇ "ಯಾವ ನೀರಾದರೂ ಆಗುತ್ತೆ" ಎಂಬ ಮಾತು ಹುಟ್ಟಿರಬೇಕು. ವರ್ಷಗಟ್ಟಲೆ ಆರೋಗ್ಯವಾಗಿ ಬಾಳಲು ಅದಕ್ಕೆ ಉಪ್ಪು ಬೇಕು. ಚುಕ್ಕೆ ಬಿಲ್ಲುಗಾರ ಅಳಿವೆಯಿಂದ ನದಿಯಲ್ಲಿ ಬಹುದೂರ ಮೇಲಕ್ಕೂ ಹೋಗುವುದರಿಂದ ಅದಕ್ಕೆ ಸಿಹಿನೀರೂ ಆದೀತು, ಸವುಳು ನೀರೂ ಆದೀತು. ಉಳಿದೆರಡಕ್ಕೆ ಸಿಹಿನೀರೇ ಸರಿ.

ಉಪ್ಪಿಗೂ ಮೀನಿನ ಆರೋಗ್ಯಕ್ಕೂ ಏನು ಸಂಬಂಧ? ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದೆ. ಹೊರಗಿನ ನೀರು ಸಿಪ್ಪೆಯ ಮೂಲಕ ಒಳಗೆ ಹೋಗುವುದೇ ಕಾರಣ. ಸಿಹಿನೀರಿನಲ್ಲಿರುವ ಮೀನಿಗೂ ಕಿವಿರುಗಳ ಮೂಲಕ ಹೀಗೆಯೇ ನೀರು ನುಗ್ಗುತ್ತಿರುತ್ತದೆ, ಮೈಯೊಳಗಿನ ಲವಣ ಹೊರಗೆ ಸೋರುತ್ತಿರುತ್ತದೆ. ಸಿಹಿನೀರಿನ ಮೀನಿಗೆ ಇದು ಅಭ್ಯಾಸದ ಕೆಲಸ. ಅಳಿವೆಯ ಮೀನಿಗೆ ದಿನವಿಡೀ ದುಡಿಮೆ. ದಣಿದ ಮೀನಿಗೆ ಬೂಷ್ಟು ರೋಗ ಬೇಗ ತಗಲುತ್ತದೆ.

ಪಟ್ಟೆ ಬಿಲ್ಲುಗಾರನಿಗೆ ಲೀಟರಿಗೆ ಸುಮಾರು 10 ಗ್ರಾಂ ಉಪ್ಪು ಸಾಕು. ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಇರುತ್ತದೆ. ಆದರೆ ಅಡುಗೆಯ ಪುಡಿ ಉಪ್ಪು ಬೇಡ. ಅದು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದ ಲವಣಗಳೂ ಇರುತ್ತವೆ. ಇವನ್ನೆಲ್ಲ ಬೆರೆಸಿದ ಸಮುದ್ರ ಉಪ್ಪನ್ನು ಅಕ್ವೇರಿಯಂ ಅಂಗಡಿಗಳು ಮಾರುತ್ತವೆ.

ಮಾಡಿ ನೋಡಿ: ಉಪ್ಪು ಅಳೆಯುವ ಕೊಳವೆ

ತೊಟ್ಟಿಯ ಉಪ್ಪನ್ನು ನಾಲಿಗೆಯಿಂದ ಅಳೆಯಲಾಗದು. ಅದಕ್ಕೆ ಹೈಡ್ರೋಮೀಟರ್ ಎಂಬ ಸಾಧನವಿದೆ. ಅಂಥದ್ದೊಂದನ್ನು ನೀವೇ ಮಾಡಬಹುದು. ಜ್ಯೂಸ್ ಕುಡಿಯುವ ಸ್ಟ್ರಾ ಒಂದನ್ನು ತೆಗೆದುಕೊಳ್ಳಿ. ಅದರ ಒಂದು ತುದಿಯನ್ನು ಮೇಣದಿಂದ ನೀರು ನುಗ್ಗದಂತೆ ಮುಚ್ಚಿ. ಒಳಗೆ ಒಂದೆರಡು ಸಣ್ಣ ಮೊಳೆ ಹಾಕಿ. ಮೇಲ್ಭಾಗ ಕತ್ತರಿಸಿದ ಒಂದು ಲೀಟರ್ ಬಾಟಲಿಯಲ್ಲಿ ನೀರು ತುಂಬಿಸಿ ಕೊಳವೆಯನ್ನು ಬಿಡಿ. ಅದು ನೆಟ್ಟಗೆ ನಿಂತು, ಸುಮಾರು 10 ಸೆಂಟಿಮೀಟರ್ ಮುಳುಗಿ ತೇಲುವಂತೆ ಮೊಳೆಗಳನ್ನು ಹೆಚ್ಚುಕಡಿಮೆ ಮಾಡಿ. ನೀರಿನ ಮಟ್ಟಕ್ಕೆ ಪೆನ್ನಿನಿಂದ ಗುರುತು ಹಾಕಿ.

ಈಗ ಒಂದು ಲೀಟರ್ ನೀರಿಗೆ 100 ಗ್ರಾಂ ಅಡುಗೆ ಉಪ್ಪು ಕರಗಿಸಿ ಅದೇ ಕೊಳವೆ ಬಿಡಿ. ಗುರುತು ನೀರಿನಿಂದ ಸುಮಾರು 6 ಮಿಲಿಮೀಟರ್ ಮೇಲೆದ್ದಿರುತ್ತದೆ. ಉಪ್ಪುನೀರು ಹೆಚ್ಚು ಸಾಂದ್ರ. ಆದ್ದರಿಂದ ಅದು ಕೊಳವೆಯನ್ನು ಎತ್ತಿ ಹಿಡಿಯಲು ಕಡಿಮೆ ಆಳ ಸಾಕು. ಇನ್ನು 10 ಗ್ರಾಂ ಮಾತ್ರ ಹಾಕಿ ಮಾಡಿ. ಏನಾಯಿತು? ಒಂದು ಮಿಲಿಮೀಟರ್ ಕೂಡ ಏಳಲಿಲ್ಲ! ನಮ್ಮ ಬಿಲ್ಲುಗಾರನಿಗೆ ಬೇಕಾದ ಉಪ್ಪನ್ನು ಈ ಕೊಳವೆ ತೋರಿಸಲಾರದು. ನಿಜವಾದ ಹೈಡ್ರೋಮೀಟರಿನ ಕೆಳಭಾಗ ದಪ್ಪ ಹೊಟ್ಟೆಯಂತೆಯೂ ಮೇಲಿನ ಕತ್ತು ಸಣ್ಣಗೂ ಇರುವುದು ಇದಕ್ಕಾಗಿಯೇ. ಕತ್ತು ಸಣ್ಣಗಿದ್ದರೆ ಸಾಂದ್ರತೆ ಚೂರೇ ಬದಲಾದರೂ ಗುರುತು ಬಹಳ ಏರಿಳಿಯುತ್ತದೆ. ಅದರಲ್ಲಿ ಸಿಹಿನೀರು 1.000 ತೋರಿಸುತ್ತದೆ. ಪಟ್ಟೆ ಬಿಲ್ಲುಗಾರನಿಗೆ 1.005ರಿಂದ 1.010ರ ಒಳಗೆ ಇರಬೇಕು.

ನನ್ನ ಬಳಿ ಉಳಿದಿದ್ದ ಎರಡು ಮೀನುಗಳಿಗೆ ಉಪ್ಪನ್ನು ಒಮ್ಮೆಲೇ ಸುರಿಯಲಿಲ್ಲ. ವಾರಕ್ಕೊಮ್ಮೆ ನೀರು ಬದಲಿಸುವಾಗ 0.002ರಷ್ಟು ಏರಿಸುತ್ತ ಐದು ವಾರಗಳಲ್ಲಿ 1.010ಕ್ಕೆ ತಂದೆ. ಮೂರನೇ ವಾರಕ್ಕೆ ಅವು ರೆಕ್ಕೆ ಬಿಚ್ಚಿದವು. ಇಲ್ಲಿ ಇನ್ನೊಂದು ತಪ್ಪು ಮಾಡಿ ತಿದ್ದಿಕೊಂಡೆ, ಹೇಳುತ್ತೇನೆ. ಬೇಸಿಗೆಯಲ್ಲಿ ತೊಟ್ಟಿಯ ನೀರು ಆವಿಯಾಗಿ ಕಡಿಮೆಯಾದಾಗ ಉಪ್ಪುನೀರನ್ನೇ ತುಂಬಿಸಿದೆ. ಉಪ್ಪು ಏರುತ್ತಲೇ ಹೋಯಿತು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಆವಿಯಾದದ್ದಕ್ಕೆ ಬದಲಾಗಿ ಸಿಹಿನೀರನ್ನೇ ಹಾಕಬೇಕು. ಆರನೇ ತರಗತಿಗೆ ಪಾಠ ಮಾಡುವವನಿಗೇ ಇದು ಹೊಳೆದಿರಲಿಲ್ಲ!

ಗುರಿಯ ಗುಟ್ಟು

ಬಿಲ್ಲುಗಾರನ ಬಾಯಿಯ ಅಂಗುಳಿನಲ್ಲಿ ಉದ್ದಕ್ಕೆ ಒಂದು ತೋಡು ಇದೆ. ನಾಲಿಗೆಯನ್ನು ಅದಕ್ಕೆ ಒತ್ತಿದಾಗ ತೋಡು ಕೊಳವೆಯಾಗುತ್ತದೆ. ಕಿವಿರಿನ ಮುಚ್ಚಳಗಳನ್ನು ಥಟ್ಟನೆ ಅಮುಕಿದರೆ ನೀರು ಕೊಳವೆಯಿಂದ ಚಿಮ್ಮುತ್ತದೆ. ದೊಡ್ಡ ಮೀನು ಒಂದು ಮೀಟರಿಗೂ ಹೆಚ್ಚು ದೂರ ಹೊಡೆಯಬಲ್ಲದು. ಚಿಮ್ಮುವ ನೀರಿನ ಹಿಂದಿನ ಭಾಗ ಮುಂದಿನ ಭಾಗಕ್ಕಿಂತ ವೇಗವಾಗಿ ಹೋಗುತ್ತದೆ. ಹೀಗಾಗಿ ದಾರಿಯಲ್ಲೇ ಹಿಂದಿನದು ಮುಂದಿನದನ್ನು ಸೇರಿ ಒಂದು ಗುಂಡಾಗಿ ಹುಳಕ್ಕೆ ಬಡಿಯುತ್ತದೆ.

ಇನ್ನೊಂದು ತೊಡಕು ಬೆಳಕಿನದು. ಒಂದು ಬಟ್ಟಲಿನ ತಳದಲ್ಲಿ ನಾಣ್ಯ ಇಟ್ಟು, ಅದು ಬಟ್ಟಲಿನ ಅಂಚಿನಲ್ಲಿ ಮರೆಯಾಗುವವರೆಗೆ ಹಿಂದೆ ಸರಿಯಿರಿ. ಗೆಳೆಯರು ನೀರು ಸುರಿಯಲಿ. ನಾಣ್ಯ ಮತ್ತೆ ಕಾಣುತ್ತದೆ! ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದೇ ಕಾರಣ. ಇದನ್ನು ವಕ್ರೀಭವನ ಎನ್ನುತ್ತಾರೆ. ನೀರಿನೊಳಗಿನಿಂದ ನೋಡುವ ಮೀನಿಗೆ ನೊಣ ನಿಜವಾಗಿ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಕಂಡಲ್ಲಿಗೆ ಹೊಡೆದರೆ ಗುರಿ ತಪ್ಪಬೇಕು. ಆದರೂ ಅದು ತಿದ್ದಿಕೊಂಡು ಹೊಡೆಯುತ್ತದೆ. ಮರಿಗಳು ಮೊದಮೊದಲು ತಪ್ಪುತ್ತವೆ, ಅಭ್ಯಾಸದಿಂದ ಸರಿಯಾಗುತ್ತವೆ. ಚಲಿಸುವ ಗುರಿಗೆ ಹೊಡೆಯುವುದನ್ನು ಜೊತೆಯ ಮೀನುಗಳನ್ನು ನೋಡಿಯೇ ಕಲಿಯಬಲ್ಲವು ಎಂದು 2006ರಲ್ಲಿ ಜರ್ಮನಿಯ ಸ್ಟೀಫನ್ ಷುಸ್ಟರ್ ಮತ್ತು ಸಂಗಡಿಗರು ತೋರಿಸಿದರು. 2016ರಲ್ಲಿ ಇನ್ನೊಂದು ಸೋಜಿಗ ಹೊರಬಿತ್ತು. ತರಬೇತಿ ಪಡೆದ ಚುಕ್ಕೆ ಬಿಲ್ಲುಗಾರರು 44 ಹೊಸ ಮುಖಗಳ ನಡುವೆ ತಮಗೆ ಪರಿಚಯವಿದ್ದ ಮನುಷ್ಯನ ಮುಖದ ಚಿತ್ರವನ್ನು ಗುರುತಿಸಿ ಅದಕ್ಕೇ ನೀರು ಹೊಡೆದವು. ಅವು ನಮ್ಮನ್ನು ಗುರುತಿಸುತ್ತವೆ, ನಾನು ಮಾತ್ರ ಅವುಗಳನ್ನು ಗುರುತಿಸದೆ ಮನೆಗೆ ತಂದಿದ್ದೆ!

ತೊಟ್ಟಿಯ ಲೆಕ್ಕ

ತೊಟ್ಟಿ ಕನಿಷ್ಠ ನಾಲ್ಕು ಅಡಿ ಉದ್ದವಿರಲಿ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ 40 ಸೆಂ.ಮೀ.ವರೆಗೆ ಮಾತ್ರ ನೀರು ತುಂಬಿಸಿ. ಮೇಲಿನ 20 ಸೆಂ.ಮೀ. ಅವುಗಳ ಬೇಟೆಯ ಮೈದಾನ. ನೀರು ಎಷ್ಟಾಯಿತು? ಗುಣಿಸಿ ನೋಡಿ, 216 ಲೀಟರ್. ಅಂದರೆ 216 ಕಿಲೋಗ್ರಾಂ ಭಾರ. ಓದುವ ಮೇಜಿನ ಮೇಲೆ ಇಡುವಂಥದ್ದಲ್ಲ! ಲೀಟರಿಗೆ 10 ಗ್ರಾಂನಂತೆ ಉಪ್ಪೇ ಎರಡು ಕಿಲೋ ಮೀರುತ್ತದೆ. ಇದು ದುಬಾರಿ ಹವ್ಯಾಸ ಎಂಬುದನ್ನು ಮುಚ್ಚಿಡುವುದಿಲ್ಲ. ಮೀನು ಸಾಕುವುದನ್ನು ಈಗಷ್ಟೇ ಕಲಿಯುವವರು ಗಪ್ಪಿಯಿಂದ ಶುರುಮಾಡುವುದೇ ಲೇಸು.

ಹೊಸ ತೊಟ್ಟಿಗೆ ನೀರು ತುಂಬಿಸಿದ ದಿನವೇ ಮೀನು ಬಿಡಬಾರದು. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಸೋಸುವ ಯಂತ್ರದ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ತಾಳ್ಮೆ ಇರಲಿ. ನೀರಿನ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು.

ತೊಟ್ಟಿಗೆ ಮುಚ್ಚಳ ಬೇಕೇ ಬೇಕು, ಬಿಲ್ಲುಗಾರರು ಚೆನ್ನಾಗಿ ನೆಗೆಯುತ್ತಾರೆ. ದೀಪವನ್ನು ಗಾಜಿನ ಮುಚ್ಚಳದ ಹೊರಗಿಡಿ. ಬಿಸಿ ಬಲ್ಬಿಗೆ ನೀರು ಬಡಿದರೆ ಒಡೆಯುತ್ತದೆ, ವಿದ್ಯುತ್ ಅಪಾಯವೂ ಇದೆ. ಈ ಕೆಲಸವನ್ನು ದೊಡ್ಡವರೇ ಮಾಡಲಿ. ಒಂದೇ ಗಾತ್ರದ ಮೀನುಗಳನ್ನು ಒಟ್ಟಿಗಿಡಿ. ದೊಡ್ಡದು ಚಿಕ್ಕದನ್ನು ಕಾಡುತ್ತದೆ. ಬಾಯಿಗೆ ಹಿಡಿಸುವ ಮೀನನ್ನಂತೂ ಜೊತೆಗಿಡಲೇಬೇಡಿ, ನನ್ನ ಗಪ್ಪಿಗಳ ಕತೆ ಕೇಳಿದಿರಲ್ಲ. ಸವುಳು ನೀರಿನ ತೊಟ್ಟಿಯಲ್ಲಿ ಸ್ಕ್ಯಾಟ್, ಮೋನೊ ಎಂಬ ಮೀನುಗಳು ಇವುಗಳ ಜೊತೆ ಹೊಂದಿಕೊಳ್ಳುತ್ತವೆ.

ಆಹಾರ ನೀರಿನ ಮೇಲೆ ತೇಲಬೇಕು. ತಳಕ್ಕೆ ಬಿದ್ದದ್ದನ್ನು ಇವು ಅಷ್ಟಾಗಿ ಹುಡುಕುವುದಿಲ್ಲ. ಮಿಡತೆಮರಿ, ನೊಣ, ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲು ಇವುಗಳಿಗೆ ಹಬ್ಬದೂಟ. ಒದ್ದೆ ಗಾಜಿಗೆ ಹುಳ ಅಂಟಿಸಿದರೆ ಹೊಡೆದು ಬೀಳಿಸುವುದನ್ನು ನೋಡಬಹುದು. ಸೊಳ್ಳೆ ಔಷಧಿ ಸಿಂಪಡಿಸಿದ ಮನೆಯ ಹುಳ, ಔಷಧಿ ಹೊಡೆದ ಹೊಲದ ಮಿಡತೆ ಬೇಡವೇ ಬೇಡ. ಹುಳ ಸಿಗದ ದಿನ ಸಿಗಡಿಯ ಚೂರು, ತೇಲುವ ಕಾಳು ಆಹಾರ ಕೊಡಬಹುದು.

ಅಂಗಡಿಗೆ ಬರುವ ಬಿಲ್ಲುಗಾರ ಮೀನುಗಳಲ್ಲಿ ಬಹುಪಾಲು ಅಳಿವೆ, ನದಿಗಳಿಂದ ಹಿಡಿದು ತಂದವು. ಮನೆಯ ತೊಟ್ಟಿಯಲ್ಲಿ ಇವು ಮರಿಮಾಡುವುದು ತೀರಾ ಅಪರೂಪ. ಸತ್ತುಹೋದ ಒಂದರ ಬದಲಿಗೆ ಇನ್ನೊಂದನ್ನು ತಂದರೆ ಕಾಂಡ್ಲಾ ಕಾಡಿನ ನೀರಿನಿಂದ ಇನ್ನೊಂದು ಕಡಿಮೆಯಾಯಿತು ಎಂದೇ ಲೆಕ್ಕ. ನಾನು ಮೂರನೆಯದನ್ನು ಮತ್ತೆ ಕೊಳ್ಳಲಿಲ್ಲ. ಸಾಕಲಾಗದಿದ್ದರೆ ಊರಿನ ಕೆರೆಗೆ ಬಿಡುವುದೂ ತಪ್ಪು. ಸಾಕಬಲ್ಲ ಇನ್ನೊಬ್ಬರಿಗೆ ಕೊಡಬೇಕು.

ಹೇಳಿ ನೋಡೋಣ

ಅಂಗಡಿಯಲ್ಲಿ ಮೂರು ತೊಟ್ಟಿಗಳಿವೆ. ಮೂರಕ್ಕೂ ಆರ್ಚರ್ ಎಂದೇ ಚೀಟಿ ಅಂಟಿಸಿದ್ದಾರೆ. ಮೊದಲನೆಯ ಮೀನಿಗೆ ಉದ್ದ ಮಚ್ಚೆ, ಗಿಡ್ಡ ಮಚ್ಚೆ ಒಂದಾದ ಮೇಲೊಂದು; ಬೆನ್ನಿನಲ್ಲಿ ಮುಳ್ಳು 5. ಎರಡನೆಯದಕ್ಕೆ ಬೆಣೆಯಂಥ ಪಟ್ಟೆ 4, ನಡುವೆ ಏನೂ ಇಲ್ಲ, ಮುಳ್ಳು 4. ಮೂರನೆಯದಕ್ಕೆ ಬಿಳಿ ಮೈ, ಕಿತ್ತಳೆ ಬಣ್ಣದ ನೇರ ಪಟ್ಟೆಗಳು, ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಕಣ್ಣಿನಂಥ ಕಪ್ಪು ಬೊಟ್ಟು, ಕೊಕ್ಕಿನಂಥ ಮೂತಿ. ಯಾವುದು ಯಾವುದು? ಯಾವುದಕ್ಕೆ ಯಾವ ನೀರು?

ಉತ್ತರ: ಮೊದಲನೆಯದು ಚುಕ್ಕೆ ಬಿಲ್ಲುಗಾರ, ಸಿಹಿನೀರು ಅಥವಾ ಸವುಳು ನೀರು. ಎರಡನೆಯದು ಪಟ್ಟೆ ಬಿಲ್ಲುಗಾರ, ಸವುಳು ನೀರು. ಮೂರನೆಯದು ಶ್ಲಾಸರ್ ಲಂಡನ್ನಿಗೆ ಕಳುಹಿಸಿದ ಮೀನು, ಅದಕ್ಕೆ ಸಮುದ್ರದ ನೀರು.